ಒಳ್ಳೆಯ ಬ್ಯಾಕ್ಟೀರಿಯಾದ ಸಕ್ಕರೆ ಅಂಗಿ

ಮಕ್ಕಳೇ, ಮುಂದಕ್ಕೆ ಓದುವ ಮೊದಲು ಒಮ್ಮೆ ಅಡುಗೆಮನೆಗೆ ಹೋಗಿ ಬನ್ನಿ. ಒಂದು ಲೋಟ ನೀರಿಗೆ ಒಂದು ಚಮಚ ಕಾಮಕಸ್ತೂರಿ ಬೀಜ ಹಾಕಿ ಪಕ್ಕಕ್ಕಿಡಿ. ಹತ್ತು ಹದಿನೈದು ನಿಮಿಷ ಬಿಟ್ಟು ನೋಡಿದರೆ ಒಂದೊಂದು ಕರಿ ಬೀಜದ ಸುತ್ತಲೂ ಗಾಜಿನಂತೆ ಹೊಳೆಯುವ ಲೋಳೆಯ ಅಂಗಿ ಬಂದಿರುತ್ತದೆ. ಕಾಮಕಸ್ತೂರಿ ಇಲ್ಲದಿದ್ದರೆ ಅಜ್ಜಿಯನ್ನು ಕೇಳಿ ನಾಲ್ಕು ಮೆಂತ್ಯದ ಕಾಳು ಇಸಿದುಕೊಳ್ಳಿ. ಅದನ್ನು ರಾತ್ರಿಯೆಲ್ಲ ನೆನೆಸಬೇಕು ಅಷ್ಟೆ.

ಈ ಲೋಳೆ ಅಂಗಿ ಯಾವುದರಿಂದ ಆಗಿದೆ ಹೇಳಿ ನೋಡೋಣ? ಬಹುಪಾಲು ಸಕ್ಕರೆಯಿಂದ! ಆದರೆ ನಾಲಿಗೆಯ ಮೇಲಿಟ್ಟರೆ ಸಿಹಿಯೇ ಇಲ್ಲ.

ಇದರ ಗುಟ್ಟು ಇಷ್ಟೇ. ಗ್ಲೂಕೋಸ್, ಗ್ಯಾಲಕ್ಟೋಸ್‌ನಂಥ ಚಿಕ್ಕ ಸಕ್ಕರೆಗಳು ಬಿಡಿ ಹೂವಿದ್ದಂತೆ. ಅವನ್ನು ನೂರಾರು, ಸಾವಿರಾರು ಸಂಖ್ಯೆಯಲ್ಲಿ ಪೋಣಿಸಿದರೆ ಮಾಲೆಯಾಗುತ್ತದೆ. ಆಗ ರುಚಿ, ಗುಣ ಎಲ್ಲವೂ ಬದಲಾಗುತ್ತದೆ. ಅನ್ನದಲ್ಲಿರುವ ಪಿಷ್ಟವೂ ಇಂಥ ಮಾಲೆಯೇ. ಒಂದು ತುತ್ತು ಅನ್ನವನ್ನು ನುಂಗದೆ ಚೆನ್ನಾಗಿ ಅಗಿಯುತ್ತಾ ಇರಿ, ಸ್ವಲ್ಪ ಹೊತ್ತಿಗೆ ಸಿಹಿ ಎನಿಸುತ್ತದೆ. ಎಂಜಲು ಆ ಮಾಲೆಯನ್ನು ತುಂಡರಿಸಿದ್ದರಿಂದ ಹಾಗಾಗುತ್ತದೆ. ನೀವು ತೊಟ್ಟ ಹತ್ತಿ ಬಟ್ಟೆಯ ನೂಲು ಕೂಡ ಗ್ಲೂಕೋಸಿನ ಮಾಲೆಯೇ. ಅದನ್ನು ಮಾತ್ರ ಎಷ್ಟು ಅಗಿದರೂ ಸಿಹಿಯಾಗದು, ಪ್ರಯತ್ನಿಸಲು ಹೋಗಬೇಡಿ!

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತನಾದವನು. ಪಾಠ ಮಾಡುವಾಗ ಸಕ್ಕರೆ ಎಂದರೆ ದೇಹಕ್ಕೆ ಶಕ್ತಿ ಕೊಡುವ ಇಂಧನ ಎಂದು ಹೇಳುತ್ತಿದ್ದೆವು. ಅದೇನೋ ನಿಜವೇ. ಆದರೆ ಜೀವಕೋಶಗಳ ಲೋಕದಲ್ಲಿ ಸಕ್ಕರೆಗೆ ಇನ್ನೊಂದು ದೊಡ್ಡ ಕೆಲಸವಿದೆ. ಅದು ಗುರುತಿನ ಚೀಟಿ. ನಮ್ಮ ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ತೊಟ್ಟ ಸಕ್ಕರೆ ಅಂಗಿಯನ್ನು ನೋಡಿಯೇ ನಮ್ಮ ದೇಹ ಯಾರೊಂದಿಗೆ ಜಗಳವಾಡಬೇಕು, ಯಾರೊಂದಿಗೆ ಹೊಂದಿಕೊಂಡು ಹೋಗಬೇಕು ಎಂಬ ಪಾಠವನ್ನು ಕಲಿಯುತ್ತದೆ. ಈ ಸಂಗತಿ ಇಪ್ಪತ್ತು ವರ್ಷಗಳಿಂದೀಚೆಗೆ ಒಂದೊಂದಾಗಿ ಬಿಡಿಸಿಕೊಳ್ಳುತ್ತಾ ಬಂದಿದೆ.

ಹೊಟ್ಟೆಯೊಳಗಿನ ಊರು

ಒಬ್ಬ ವಯಸ್ಕನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ನಮ್ಮದೇ ಜೀವಕೋಶಗಳ ಸಂಖ್ಯೆ ಸುಮಾರು 30 ಲಕ್ಷ ಕೋಟಿ. ಅಂದರೆ ಮನೆಯವರಷ್ಟೇ ಬಿಡಾರದವರೂ ಇದ್ದಾರೆ! ಅಷ್ಟೂ ಬ್ಯಾಕ್ಟೀರಿಯಾಗಳನ್ನು ಒಟ್ಟಿಗೆ ತೂಗಿದರೆ ಕಾಲು ಕಿಲೋ ಕೂಡ ಆಗುವುದಿಲ್ಲ, ಅಷ್ಟು ಚಿಕ್ಕವು. ಅವುಗಳಲ್ಲಿ ಹೆಚ್ಚಿನವು ಇರುವುದು ದೊಡ್ಡ ಕರುಳಿನಲ್ಲಿ.

ನಮಗೆ ಜೀರ್ಣಿಸಲಾಗದ ನಾರನ್ನು ಇವು ಹುಳಿ ಬರಿಸಿ ಕರುಳಿನ ಗೋಡೆಗೆ ಆಹಾರ ಒದಗಿಸುತ್ತವೆ. ಕೆಲವು ಜೀವಸತ್ವಗಳನ್ನೂ ತಯಾರಿಸುತ್ತವೆ. ಕೆಟ್ಟ ರೋಗಾಣು ಬಂದರೆ ಕೂರಲು ಜಾಗ ಸಿಗದಂತೆ ಮಾಡುತ್ತವೆ. ಸಂತೆಗೆ ಬೆಳಿಗ್ಗೆಯೇ ಹೋಗಿ ಜಾಗ ಹಿಡಿದು ಕೂತವರು ತಡವಾಗಿ ಬಂದವರಿಗೆ ಎಡೆ ಕೊಡುವುದಿಲ್ಲವಲ್ಲ, ಹಾಗೆ.

ಈ ಊರಿನ ಪಕ್ಕದಲ್ಲೇ, ಕರುಳಿನ ಗೋಡೆಯ ಆಚೆ, ನಮ್ಮ ರೋಗನಿರೋಧಕ ವ್ಯವಸ್ಥೆಯ ದೊಡ್ಡ ಪಡೆಯೇ ಬೀಡುಬಿಟ್ಟಿದೆ.  ನಡುವೆ ಇರುವುದು ಒಂದೇ ಸಾಲು ಜೀವಕೋಶಗಳ ತೆಳುವಾದ ಗೋಡೆ ಮತ್ತು ಅದರ ಮೇಲೆ ಬಳಿದಂತಿರುವ ಲೋಳೆಯ ಪದರ. ಅತ್ತ ಲಕ್ಷ ಕೋಟಿಗಟ್ಟಲೆ ಬ್ಯಾಕ್ಟೀರಿಯಾ, ಇತ್ತ ಆಯುಧ ಹಿಡಿದು ನಿಂತ ಪಡೆ. ಆದರೂ ದಿನವೂ ಯುದ್ಧವಾಗುವುದಿಲ್ಲ. ಯಾಕೆ?

ಉತ್ತರಕ್ಕೆ ಮೊದಲು, ಸಕ್ಕರೆ ಗುರುತಿನ ಚೀಟಿಯಾಗುವುದು ಹೇಗೆ ಎಂದು ನೋಡೋಣ. ಅದಕ್ಕೆ ಉದಾಹರಣೆ ನಿಮ್ಮ ಮೈಯಲ್ಲೇ ಹರಿಯುತ್ತಿದೆ.

ನಿಮ್ಮ ರಕ್ತದ ಗುಂಪು ಯಾವುದು?

ಎ, ಬಿ, ಎಬಿ, ಓ. ಶಾಲೆಯ ಗುರುತಿನ ಚೀಟಿಯ ಹಿಂದೆ ಇದನ್ನು ಬರೆದಿರುತ್ತಾರೆ. ರಕ್ತದಲ್ಲಿ ಗುಂಪುಗಳಿವೆ ಎಂದು 1901ರಲ್ಲಿ ಕಂಡುಹಿಡಿದವರು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್. ಅದಕ್ಕಾಗಿ 1930ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಗುಂಪುಗಳ ನಡುವಿನ ವ್ಯತ್ಯಾಸ ಏನು ಗೊತ್ತೇ? ಕೆಂಪು ರಕ್ತಕಣದ ಮೇಲಿರುವ ಸಕ್ಕರೆ ಸರದ ತುದಿಯ ಒಂದೇ ಒಂದು ಮಣಿ! ಓ ಗುಂಪಿನವರ ಸರಕ್ಕೆ ಗ್ಯಾಲಕ್ಟೋಸ್ ಎಂಬ ಮಣಿ ಸೇರಿದರೆ ಅದು ಬಿ. ಅದೇ ಜಾಗಕ್ಕೆ ಗ್ಯಾಲಕ್ಟೋಸಿನ ಹತ್ತಿರದ ನೆಂಟನಾದ ಇನ್ನೊಂದು ಮಣಿ ಸೇರಿದರೆ ಎ. ಓ ಗುಂಪಿನವರಲ್ಲಿ ಆ ಜಾಗ ಖಾಲಿ.

ಇನ್ನೂ ಒಂದು ಮಣಿ ಕಡಿಮೆ ಇರುವವರೂ ಇದ್ದಾರೆ. 1952ರಲ್ಲಿ ಆಗಿನ ಬೊಂಬಾಯಿಯಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಸಂಗಡಿಗರು ಇಂಥವರನ್ನು ಮೊದಲು ಗುರುತಿಸಿದರು. ಅದಕ್ಕೇ ಅದರ ಹೆಸರು ‘ಬಾಂಬೆ ರಕ್ತದ ಗುಂಪು’. ಇವರಿಗೆ ಓ ಗುಂಪಿನ ರಕ್ತವನ್ನೂ ಕೊಡುವಂತಿಲ್ಲ, ಬಾಂಬೆ ಗುಂಪಿನವರದ್ದೇ ಆಗಬೇಕು. ಒಂದು ಸಕ್ಕರೆ ಮಣಿಯ ವ್ಯತ್ಯಾಸ ಪ್ರಾಣದ ಪ್ರಶ್ನೆಯಾಗುತ್ತದೆ, ನೋಡಿ.

ಇಲ್ಲೊಂದು ಒಗಟು. ಎ ಗುಂಪಿನವರ ರಕ್ತದಲ್ಲಿ ಬಿ ಗುಂಪನ್ನು ಎದುರಿಸುವ ಪ್ರತಿಕಾಯಗಳು ಮೊದಲೇ ಇರುತ್ತವೆ. ಅವರು ಬಿ ಗುಂಪಿನ ರಕ್ತವನ್ನು ಎಂದೂ ಪಡೆದಿರುವುದಿಲ್ಲ. ಹಾಗಿದ್ದರೂ ಅದರ ಗುರುತು ಹೇಗೆ ಸಿಕ್ಕಿತು? ಹುಟ್ಟಿದ ಕೂಸಿನಲ್ಲಿ ಸ್ವಂತದ ಇಂಥ ಪ್ರತಿಕಾಯ ಇರುವುದಿಲ್ಲ, ಕೆಲವು ತಿಂಗಳಾದ ಮೇಲೆ ಕಾಣಿಸಿಕೊಳ್ಳುತ್ತದೆ. ಆ ಕೆಲವು ತಿಂಗಳಲ್ಲಿ ಏನಾಯಿತು?

ಕರುಳಿಗೆ ಬ್ಯಾಕ್ಟೀರಿಯಾಗಳು ಬಂದು ಸೇರಿದವು! ಅವುಗಳಲ್ಲಿ ಕೆಲವು ಎ ಮತ್ತು ಬಿ ಗುಂಪಿನ ಸಕ್ಕರೆಯನ್ನೇ ಹೋಲುವ ಅಂಗಿ ತೊಟ್ಟಿರುತ್ತವೆ. 1950ರ ದಶಕದ ಕೊನೆಯಲ್ಲಿ ಗಿಯೋರ್ಗ್ ಸ್ಪ್ರಿಂಗರ್ ಎಂಬ ವಿಜ್ಞಾನಿ ಕೋಳಿಮರಿಗಳಲ್ಲಿ ಇದನ್ನು ಪರೀಕ್ಷಿಸಿದರು. ಮಾಮೂಲಿನಂತೆ ಬೆಳೆದ ಮರಿಗಳ ರಕ್ತದಲ್ಲಿ ಮನುಷ್ಯರ ಬಿ ಗುಂಪನ್ನು ಎದುರಿಸುವ ಪ್ರತಿಕಾಯ ಬಂತು. ಯಾವ ಸೂಕ್ಷ್ಮಜೀವಿಯೂ ಸೋಕದಂತೆ ಬೆಳೆಸಿದ ಮರಿಗಳಲ್ಲಿ ಅದು ಹಾಗೆ ಬರಲಿಲ್ಲ. ಅಂದರೆ ನಮ್ಮ ರಕ್ಷಣಾ ಪಡೆ ಕರುಳಿನ ಬ್ಯಾಕ್ಟೀರಿಯಾಗಳ ಅಂಗಿಯನ್ನು ಸದಾ ಗಮನಿಸುತ್ತಲೇ ಇರುತ್ತದೆ.

ಮನೆಯವರನ್ನೇ ಕಚ್ಚುವ ನಾಯಿ

ಈ ವಿಷಯ ನನ್ನನ್ನು ಹಿಡಿದುಕೊಂಡದ್ದು ನನ್ನ ತಂಗಿಯಿಂದ. ಅವಳಿಗೆ ಅಲ್ಸರೇಟಿವ್ ಕೊಲೈಟಿಸ್ ಎಂಬ ತೊಂದರೆ ಇದೆ. ದೊಡ್ಡ ಕರುಳಿನ ಒಳಮೈಯಲ್ಲಿ ಉರಿಯೂತವಾಗಿ ಹುಣ್ಣಾಗುವ ಕಾಯಿಲೆ ಅದು. ಹೊಟ್ಟೆನೋವು, ರಕ್ತಭೇದಿ, ದಿನಕ್ಕೆ ಹತ್ತಾರು ಬಾರಿ ಓಡಾಟ. ಮದುವೆ ಮುಂಜಿ ಎಂದರೆ ಮೊದಲು ಅವಳು ಕೇಳುವುದು ‘ಅಲ್ಲಿ ಬಚ್ಚಲು ಹತ್ತಿರ ಇದೆಯಾ?’ ಎಂದು. ಬಹಳ ದಿನ ನಾಚಿಕೊಂಡು ಯಾರಿಗೂ ಹೇಳಿರಲಿಲ್ಲ. ಈಗ ಔಷಧಿಯಲ್ಲಿ ಹತೋಟಿಗೆ ಬಂದಿದೆ, ಇದನ್ನು ಬರೆಯಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ.

ಅವಳ ಡಾಕ್ಟರು ವಿವರಿಸಿದರಂತೆ: ‘ಇದು ಹೊರಗಿನ ರೋಗಾಣುವಿನ ದಾಳಿ ಅಲ್ಲಮ್ಮ. ನಿಮ್ಮ ರಕ್ಷಣಾ ಪಡೆಯೇ ನಿಮ್ಮ ಕರುಳಿನ ಮೇಲೆ ಬಿದ್ದಿದೆ.’ ಮನೆಗೆ ಬಂದವಳು ನನಗೆ ಹೇಳಿದಳು, ‘ಅಣ್ಣ, ಕಾಯೋಕೆ ಅಂತ ಸಾಕಿದ ನಾಯಿ ಮನೆಯವರನ್ನೇ ಕಚ್ಚಿದ ಹಾಗಾಯ್ತಲ್ಲ!’

ಇದಕ್ಕಿಂತ ಚೆನ್ನಾಗಿ ನಾನು ತರಗತಿಯಲ್ಲೂ ಹೇಳಿರಲಿಲ್ಲ. ಕಳ್ಳ ಬಂದರೂ ಬೊಗಳದ ನಾಯಿ ಕೆಲಸಕ್ಕೆ ಬಾರದು. ಹಾಲಿನವನಿಗೂ ಪೇಪರ್ ಹುಡುಗನಿಗೂ ಮೊಮ್ಮಕ್ಕಳಿಗೂ ಹಲ್ಲು ತೋರಿಸುವ ನಾಯಿಯೂ ಕೆಲಸಕ್ಕೆ ಬಾರದು. ಒಳ್ಳೆಯ ನಾಯಿಗೆ ಎರಡೂ ಗೊತ್ತಿರಬೇಕು. ಮರಿಯಾಗಿದ್ದಾಗ ನಾಲ್ಕು ಜನರನ್ನು ನೋಡಿ ಬೆಳೆದ ನಾಯಿಗೆ ಅದು ತಾನಾಗಿ ಬರುತ್ತದೆ. ಕೋಣೆಯಲ್ಲಿ ಕೂಡಿಹಾಕಿ ಬೆಳೆಸಿದ್ದಕ್ಕೆ ಬರುವುದಿಲ್ಲ.

ಎಂಟು ಅಂಗಿಯ ಬ್ಯಾಕ್ಟೀರಿಯಾ

ಕೋಣೆಯಲ್ಲಿ ಕೂಡಿಹಾಕಿದ ಮರಿಯಂಥ ಇಲಿಗಳು ನಿಜವಾಗಿಯೂ ಇವೆ. ಪ್ರಯೋಗಾಲಯಗಳಲ್ಲಿ ಗಾಳಿ, ನೀರು, ಆಹಾರ ಎಲ್ಲವನ್ನೂ ಶುದ್ಧಗೊಳಿಸಿ, ಒಂದು ಬ್ಯಾಕ್ಟೀರಿಯಾವೂ ಸೋಕದಂತೆ ಇವನ್ನು ಬೆಳೆಸುತ್ತಾರೆ. ಇಷ್ಟು ಚೊಕ್ಕಟವಾಗಿ ಬೆಳೆದರೆ ಗಟ್ಟಿಮುಟ್ಟಾಗಿರಬೇಕಲ್ಲವೇ? ಇಲ್ಲ! ಅವುಗಳ ರೋಗನಿರೋಧಕ ವ್ಯವಸ್ಥೆ ಅರೆಬರೆ ಬೆಳೆದಿರುತ್ತದೆ. ರಕ್ಷಣಾ ಪಡೆಯ ಮುಖ್ಯ ಸಿಪಾಯಿಗಳಾದ ಒಂದು ಬಗೆಯ ಟಿ ಕೋಶಗಳು ಕಡಿಮೆ ಇರುತ್ತವೆ.

ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯ ಡೆನ್ನಿಸ್ ಕ್ಯಾಸ್ಪರ್ ಮತ್ತು ಅವರ ತಂಡದಲ್ಲಿದ್ದ ಸಾರ್ಕಿಸ್ ಮಜ್‌ಮಾನಿಯನ್ ಈ ಇಲಿಗಳ ಹೊಟ್ಟೆಗೆ ಒಂದೇ ಒಂದು ಜಾತಿಯ ಬ್ಯಾಕ್ಟೀರಿಯಾ ಕಳಿಸಿದರು. ಅದರ ಹೆಸರು ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್. ಬಹಳ ಜನರ ದೊಡ್ಡ ಕರುಳಿನಲ್ಲಿ ಇರುವಂಥದ್ದೇ. ಇದರ ಬಳಿ ಕನಿಷ್ಠ ಎಂಟು ಬಗೆಯ ಸಕ್ಕರೆ ಅಂಗಿಗಳಿವೆ, ಬೇಕಾದಾಗ ಬದಲಾಯಿಸಿಕೊಳ್ಳುತ್ತದೆ. ಅವುಗಳಲ್ಲಿ ಒಂದಕ್ಕೆ ‘ಪಿಎಸ್‌ಎ’ ಎಂದು ಹೆಸರು. ನಾಲ್ಕು ಸಕ್ಕರೆಗಳ ಒಂದು ಗೊಂಚಲು, ಅದೇ ಗೊಂಚಲು ಮತ್ತೆ ಮತ್ತೆ ಬರುವಂತೆ ಕಟ್ಟಿದ ಮಾಲೆ ಅದು. ಅಜ್ಜಂದಿರು ಗಮನಿಸಿ, ಪ್ರಾಸ್ಟೇಟ್ ತಪಾಸಣೆಗೆ ಮಾಡಿಸುವ ಪಿಎಸ್‌ಎ ರಕ್ತಪರೀಕ್ಷೆಗೂ ಇದಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ ಒಂದೇ.

ಈ ಬ್ಯಾಕ್ಟೀರಿಯಾ ಹೊಟ್ಟೆ ಸೇರಿದ ಮೇಲೆ ಇಲಿಗಳಲ್ಲಿ ಟಿ ಕೋಶಗಳ ಕೊರತೆ ನೀಗಿತು. ಹಾಗಾದರೆ ಕೆಲಸ ಮಾಡಿದ್ದು ಬ್ಯಾಕ್ಟೀರಿಯಾವೋ, ಅದರ ಅಂಗಿಯೋ? ಅವರು ಪಿಎಸ್‌ಎ ಅಂಗಿಯನ್ನು ನೇಯಲಾರದ ಅದೇ ಬ್ಯಾಕ್ಟೀರಿಯಾವನ್ನು ಬೇರೆ ಇಲಿಗಳಿಗೆ ಕೊಟ್ಟರು. ಕೊರತೆ ಹಾಗೆಯೇ ಉಳಿಯಿತು! ಅಂಗಿಯೇ ಪಾಠ ಹೇಳಿತ್ತು. ಇದು ಪ್ರಕಟವಾದದ್ದು 2005ರಲ್ಲಿ.

ಮೂರು ವರ್ಷದ ನಂತರ ಇನ್ನೂ ಮುಂದಕ್ಕೆ ಹೋದರು. ನನ್ನ ತಂಗಿಗಿರುವಂಥ ಕರುಳಿನ ಉರಿಯೂತವನ್ನು ಇಲಿಗಳಲ್ಲಿ ಬರಿಸಿ ನೋಡಿದರು. ಪಿಎಸ್‌ಎ ಅಂಗಿ ತೊಟ್ಟ ಬ್ಯಾಕ್ಟೀರಿಯಾ ಇದ್ದ ಇಲಿಗಳಿಗೆ ರಕ್ಷಣೆ ಸಿಕ್ಕಿತು. ಅಂಗಿಯಿಲ್ಲದ ಬ್ಯಾಕ್ಟೀರಿಯಾ ಇದ್ದವುಗಳಿಗೆ ಸಿಗಲಿಲ್ಲ. ಬ್ಯಾಕ್ಟೀರಿಯಾವನ್ನೇ ಬಿಟ್ಟು, ಶುದ್ಧ ಮಾಡಿದ ಪಿಎಸ್‌ಎ ಸಕ್ಕರೆಯನ್ನಷ್ಟೇ ಬಾಯಿಂದ ಕೊಟ್ಟಾಗಲೂ ಉರಿಯೂತ ತಗ್ಗಿತು.

ಬಾಗಿಲಲ್ಲಿ ನಿಂತ ಹಿರಿಯರು

ಅಂಗಿಯ ಸುದ್ದಿ ಗೋಡೆಯ ಆಚೆ ಹೇಗೆ ತಲುಪುತ್ತದೆ? ಬ್ಯಾಕ್ಟೀರಿಯಾ ತನ್ನ ಹೊರಮೈಯಿಂದ ಪುಟ್ಟ ಪುಟ್ಟ ಗುಳ್ಳೆಗಳನ್ನು ಕಳಚಿ ಬಿಡುತ್ತದೆ. ಪಿಎಸ್‌ಎ ಸಕ್ಕರೆ ಆ ಗುಳ್ಳೆಗಳ ಮೇಲೆ ಅಂಟಿಕೊಂಡು ಬರುತ್ತದೆ, ಅಂಚೆಯಲ್ಲಿ ಬಂದ ಲಕೋಟೆಯಂತೆ. ಗೋಡೆಯ ಹತ್ತಿರ ಕಾವಲಿರುವ, ಮೈತುಂಬ ಟೊಂಗೆ ಚಾಚಿದ ಕೋಶಗಳು ಅದನ್ನು ಹಿಡಿದು, ಓದಿ, ಟಿ ಕೋಶಗಳಿಗೆ ತೋರಿಸುತ್ತವೆ. ಆಗ ಕೆಲವು ಟಿ ಕೋಶಗಳು ಹೊಡೆದಾಡುವ ಕೆಲಸ ಬಿಟ್ಟು ಸಮಾಧಾನ ಮಾಡುವ ಕೆಲಸ ಹಿಡಿಯುತ್ತವೆ. ‘ಸುಮ್ಮನಿರಿ, ಇವರು ನಮ್ಮವರೇ’ ಎಂದು ಉಳಿದವರನ್ನು ತಡೆಯುತ್ತವೆ. ಬೀದಿಯಲ್ಲಿ ಹುಡುಗರು ಜಗಳಕ್ಕೆ ನಿಂತಾಗ ಜಗಲಿಯ ಮೇಲಿನ ತಾತ ಒಂದು ಸಲ ಕೆಮ್ಮಿದರೆ ಸಾಕು, ಎಲ್ಲ ತಣ್ಣಗಾಗುತ್ತದಲ್ಲ? ಇವು ಆ ತಾತಂದಿರು. ಅವುಗಳ ಕೆಮ್ಮು ಐಎಲ್-10 ಎಂಬ ರಾಸಾಯನಿಕ ಸಂದೇಶ.

ವಿಜ್ಞಾನಿಗಳು ಇವುಗಳನ್ನು ‘ನಿಯಂತ್ರಕ ಟಿ ಕೋಶ’ ಎನ್ನುತ್ತಾರೆ. ಇಂಥ ಕೋಶಗಳಿವೆ ಎಂದು 1995ರಲ್ಲಿ ತೋರಿಸಿಕೊಟ್ಟವರು ಜಪಾನಿನ ಶಿಮೊನ್ ಸಕಾಗುಚಿ. ಆ ಕಾಲಕ್ಕೆ ಹೆಚ್ಚಿನವರು ಇದನ್ನು ನಂಬಿರಲಿಲ್ಲ. 2001ರಲ್ಲಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಒಂದು ಜೀನ್ ಪತ್ತೆಮಾಡಿದರು. ಈ ಕೋಶಗಳು ರೂಪುಗೊಳ್ಳಲು ಆ ಜೀನ್ ಬೇಕೇ ಬೇಕು ಎಂಬುದು ಆಮೇಲೆ ಖಚಿತವಾಯಿತು. 2025ರ ವೈದ್ಯಕೀಯ ನೊಬೆಲ್ ಸಂದದ್ದು ಈ ಮೂವರಿಗೇ. ತಾಳ್ಮೆ ಕಲಿಸುವ ಕೋಶಗಳಿಗೆ ಸಂದ ನೊಬೆಲ್ ಎನ್ನಬಹುದು.

ಒಳ್ಳೆಯವನೂ ಜಾಗ ತಪ್ಪಿದರೆ

ಹಾಗೆಂದು ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್ ಸಾಧು ಸಂತನೇನಲ್ಲ. ಅಪೆಂಡಿಕ್ಸ್ ಒಡೆದೋ, ಕರುಳಿಗೆ ಪೆಟ್ಟಾಗಿಯೋ ಅದು ಹೊಟ್ಟೆಯ ಪೊಳ್ಳಿನೊಳಗೆ ಚೆಲ್ಲಿದರೆ ಕೀವು ತುಂಬಿದ ಬಾವು ಮಾಡುತ್ತದೆ, ಪ್ರಾಣಕ್ಕೂ ಅಪಾಯ. ಕ್ಯಾಸ್ಪರ್ ಅವರು 1970ರ ದಶಕದಲ್ಲಿ ಇದರ ಸಕ್ಕರೆ ಅಂಗಿಯ ಅಧ್ಯಯನ ಶುರು ಮಾಡಿದ್ದೇ ಈ ಬಾವಿನ ಕಾರಣ ಹುಡುಕುತ್ತಾ. ಕರುಳಿನೊಳಗೆ ಸಮಾಧಾನ ಹೇಳುವ ಅಂಗಿಯೇ ಕರುಳಿನ ಹೊರಗೆ ಬಾವಿಗೆ ಕಾರಣವಾಗುತ್ತದೆ. ಒಲೆಯಲ್ಲಿದ್ದರೆ ಅಡುಗೆ, ಸೂರಿಗೆ ಹತ್ತಿದರೆ ಅನಾಹುತ. ಬೆಂಕಿ ಒಂದೇ.

ಕೆಟ್ಟ ರೋಗಾಣುಗಳಿಗೂ ಸಕ್ಕರೆ ಅಂಗಿ ಇರುತ್ತದೆ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ತನ್ನ ಅಂಗಿಯ ಮರೆಯಲ್ಲಿ ಬಿಳಿ ರಕ್ತಕಣಗಳಿಂದ ತಪ್ಪಿಸಿಕೊಳ್ಳುತ್ತದೆ. ಆದರೆ ಮನುಷ್ಯ ಜಾಣ. ಅದೇ ಅಂಗಿಯ ತುಂಡನ್ನು ಒಂದು ಪ್ರೋಟೀನಿಗೆ ಜೋಡಿಸಿ ಲಸಿಕೆ ಮಾಡಿದ. ಎರಡು ವರ್ಷದೊಳಗಿನ ಮಕ್ಕಳ ದೇಹ ಬರೀ ಸಕ್ಕರೆಯಿಂದ ಸರಿಯಾಗಿ ಕಲಿಯುವುದಿಲ್ಲ, ಪ್ರೋಟೀನು ಜೊತೆಗಿದ್ದರೆ ಕಲಿಯುತ್ತದೆ. ಈ ಲಸಿಕೆಯನ್ನು ನಮ್ಮ ದೇಶದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿ 2017ರಿಂದ ಕೆಲವು ರಾಜ್ಯಗಳಲ್ಲಿ ಆರಂಭಿಸಿ, 2021ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿದರು. ಪುಟ್ಟ ತಮ್ಮ ತಂಗಿಯರಿಗೆ ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ಉಚಿತವಾಗಿ ಹಾಕುವ ‘ಪಿಸಿವಿ’ ಚುಚ್ಚುಮದ್ದು ಅದೇ.

ಅಮ್ಮನ ಹಾಲಿನಲ್ಲಿ ಬ್ಯಾಕ್ಟೀರಿಯಾಗೂ ಊಟ

ಈಗ ಇನ್ನೊಬ್ಬ ಗೆಳೆಯನ ಕಡೆ ಬರೋಣ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಮಕ್ಕಳ ವೈದ್ಯ ಆಂರಿ ಟಿಸಿಯೆ ಅವರು 1899ರ ಹೊತ್ತಿಗೆ ಎದೆಹಾಲು ಕುಡಿಯುವ ಕೂಸುಗಳ ಮಲದಲ್ಲಿ ಕವೆಗೋಲಿನಂತೆ ಎರಡಾಗಿ ಕವಲೊಡೆದ ಬ್ಯಾಕ್ಟೀರಿಯಾ ಕಂಡರು. ಅದಕ್ಕೆ ಈಗಿನ ಹೆಸರು ಬೈಫಿಡೋಬ್ಯಾಕ್ಟೀರಿಯಂ. ಲ್ಯಾಟಿನ್ನಿನಲ್ಲಿ ‘ಬೈಫಿಡ್’ ಎಂದರೆ ಇಬ್ಭಾಗವಾದದ್ದು.

ಎದೆಹಾಲು ಕುಡಿಯುವ ಮಗುವಿನಲ್ಲೇ ಇದು ಏಕೆ ಹೆಚ್ಚು? ಒಂದು ಲೀಟರ್ ಎದೆಹಾಲಿನಲ್ಲಿ 5ರಿಂದ 15 ಗ್ರಾಮಿನಷ್ಟು ವಿಶೇಷ ಸಕ್ಕರೆ ಸರಗಳಿರುತ್ತವೆ. ನೂರಕ್ಕೂ ಹೆಚ್ಚು ಬಗೆಯವು. ಸೋಜಿಗವೆಂದರೆ ಮಗುವಿಗೆ ಇವನ್ನು ಜೀರ್ಣಿಸಿಕೊಳ್ಳಲು ಬರುವುದೇ ಇಲ್ಲ! ಇವು ನೇರವಾಗಿ ದೊಡ್ಡ ಕರುಳಿಗೆ ಹೋಗಿ ಬೈಫಿಡೋಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತವೆ. ತಾಯಿ ಮಗುವಿಗೆ ಉಣಿಸುವಾಗ ಮಗುವನ್ನು ಕಾಯುವವರಿಗೂ ಒಂದು ಎಲೆ ಹಾಕಿರುತ್ತಾಳೆ. ಹಸುವಿನ ಹಾಲಿನಲ್ಲಿ ಈ ಸರಗಳು ತೀರಾ ಕಡಿಮೆ.

ಬೈಫಿಡೋಬ್ಯಾಕ್ಟೀರಿಯಾದ ಹೊರಮೈಯೂ ಸಕ್ಕರೆಯ ಅಂಗಿಯೇ. 2018ರಲ್ಲಿ ದಕ್ಷಿಣ ಕೊರಿಯಾದ ವಿಜ್ಞಾನಿಗಳ ತಂಡವೊಂದು ಬೈಫಿಡೋಬ್ಯಾಕ್ಟೀರಿಯಂ ಬೈಫಿಡಂ ಎಂಬ ಜಾತಿಯ ಅಂಗಿಯಿಂದ ಸಕ್ಕರೆ ಸರಗಳನ್ನು ಬೇರ್ಪಡಿಸಿ ಇಲಿಗಳಿಗೆ ಕೊಟ್ಟಿತು. ಅಲ್ಲೂ ನಿಯಂತ್ರಕ ಟಿ ಕೋಶಗಳು ಹೆಚ್ಚಿದವು, ಕರುಳಿನ ಉರಿಯೂತ ತಗ್ಗಿತು. ಬೇರೆ ಬ್ಯಾಕ್ಟೀರಿಯಾ, ಬೇರೆ ಅಂಗಿ, ಆದರೆ ಪಾಠ ಅದೇ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಇವೆಲ್ಲ ಇಲಿಗಳಲ್ಲಿ ಕಂಡದ್ದು. ನನ್ನ ತಂಗಿಯೂ ಕೇಳಿದಳು, ‘ಆ ಸಕ್ಕರೆ ಔಷಧಿ ಅಂಗಡೀಲಿ ಸಿಗುತ್ತಾ ಅಣ್ಣ?’ ಎಂದು. ಇಲಿಯಿಂದ ಮನುಷ್ಯನಿಗೆ ಬರುವ ದಾರಿ ದೂರದ್ದು. ಅವಳು ಡಾಕ್ಟರು ಕೊಟ್ಟ ಮಾತ್ರೆಯನ್ನು ಒಂದು ದಿನವೂ ತಪ್ಪಿಸುವುದಿಲ್ಲ. ತಪ್ಪಿಸಲೂಬಾರದು.

ಒಡಿಶಾದ ಹಳ್ಳಿಗಳಲ್ಲಿ

ಮನುಷ್ಯರಲ್ಲಿ, ಅದೂ ನಮ್ಮ ದೇಶದಲ್ಲೇ ನಡೆದ ಒಂದು ದೊಡ್ಡ ಅಧ್ಯಯನದ ವಿಷಯ ಹೇಳುತ್ತೇನೆ. ನವಜಾತ ಶಿಶುಗಳಿಗೆ ಬರುವ ನಂಜು, ಅಂದರೆ ಸೆಪ್ಸಿಸ್, ಬಹಳ ಕೂಸುಗಳ ಪ್ರಾಣ ತೆಗೆಯುತ್ತದೆ. ಡಾ. ಪಿನಾಕಿ ಪಾಣಿಗ್ರಾಹಿ ಅವರ ತಂಡ ಒಡಿಶಾದ ಹಳ್ಳಿಗಳಲ್ಲಿ 4,556 ಆರೋಗ್ಯವಂತ ಶಿಶುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹುಟ್ಟಿದ ಕೆಲವೇ ದಿನದಲ್ಲಿ ಆರಂಭಿಸಿ ಏಳು ದಿನ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾದ ಒಂದು ತಳಿಯನ್ನೂ, ಅದರ ಆಹಾರವಾದ ಒಂದು ಸಕ್ಕರೆ ಸರವನ್ನೂ ಬಾಯಿಗೆ ಹಾಕಿತು. ಇನ್ನೊಂದು ಗುಂಪಿಗೆ ಅದು ಇರಲಿಲ್ಲ. ಎರಡು ತಿಂಗಳು ಗಮನಿಸಿದಾಗ, ಅದು ಸಿಗದ ಗುಂಪಿನಲ್ಲಿ ನೂರಕ್ಕೆ 9 ಶಿಶುಗಳು ಸೆಪ್ಸಿಸ್ ಅಥವಾ ಸಾವಿಗೆ ತುತ್ತಾಗಿದ್ದವು. ಸಿಕ್ಕ ಗುಂಪಿನಲ್ಲಿ ಅದು ನೂರಕ್ಕೆ 5.4ಕ್ಕೆ ಇಳಿದಿತ್ತು. 2017ರಲ್ಲಿ ಇದು ಪ್ರಕಟವಾದಾಗ ಪ್ರಪಂಚವೇ ತಿರುಗಿ ನೋಡಿತು.

ಇದೆಲ್ಲ ಅಂಗಿಯ ಮಹಿಮೆಯೇ ಎಂದು ಆ ಅಧ್ಯಯನ ಹೇಳಿಲ್ಲ. ಅದು ತೋರಿಸಿದ್ದು, ಬದುಕಿನ ಮೊದಲ ದಿನಗಳಲ್ಲಿ ಕರುಳಿಗೆ ಯಾರು ಬಂದು ಸೇರುತ್ತಾರೆ ಎಂಬುದು ಎಷ್ಟು ಮುಖ್ಯ ಎನ್ನುವುದನ್ನು. ಆ ತಳಿ, ಆ ಪ್ರಮಾಣ ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿ ಆರಿಸಿದ್ದು. ಅಂಗಡಿಯಲ್ಲಿ ಸಿಗುವ ಯಾವುದೋ ಪುಡಿಯನ್ನು ತಂದು ಹಸುಗೂಸಿನ ಬಾಯಿಗೆ ಹಾಕಬೇಡಿ.

‘ತಾತ, ಲಾಡು ತಿಂದ್ರೆ?’

ಇಷ್ಟನ್ನೂ ಕೇಳಿದ ನನ್ನ ಮೊಮ್ಮಗಳು, ಏಳನೇ ತರಗತಿಯವಳು, ತನಗೆ ಬೇಕಾದ್ದನ್ನೇ ಹಿಡಿದುಕೊಂಡಳು. ‘ತಾತ, ಹಾಗಾದ್ರೆ ಲಾಡು ತಿಂದ್ರೆ ಒಳ್ಳೇ ಬ್ಯಾಕ್ಟೀರಿಯಾಗಳಿಗೆ ಅಂಗಿ ಹೊಲಿದುಕೊಟ್ಟ ಹಾಗಾಗುತ್ತೆ ಅಲ್ವಾ?’

ಇಲ್ಲ ಪುಟ್ಟಿ. ಲಾಡುವಿನ ಸಕ್ಕರೆಯಲ್ಲಿ ಬಹುಪಾಲು ಸಣ್ಣ ಕರುಳಿನಲ್ಲೇ ನಮ್ಮ ರಕ್ತಕ್ಕೆ ಹೋಗಿಬಿಡುತ್ತದೆ. ದೊಡ್ಡ ಕರುಳಿನವರೆಗೂ ತಲುಪುವುದು ನಾರು. ರಾಗಿ, ಜೋಳ, ಸಿಪ್ಪೆ ಸಹಿತ ಕಾಳು, ಸೊಪ್ಪು, ತರಕಾರಿ, ಬಾಳೆದಿಂಡು, ಸೀಬೆಹಣ್ಣು. ಇವುಗಳಲ್ಲಿರುವ ನಾರು ಕೂಡ ಹೆಚ್ಚಾಗಿ ಸಕ್ಕರೆ ಮಾಲೆಯೇ, ಆದರೆ ಅದನ್ನು ಬಿಚ್ಚುವ ಕತ್ತರಿ ನಮ್ಮಲ್ಲಿಲ್ಲ, ಬ್ಯಾಕ್ಟೀರಿಯಾಗಳಲ್ಲಿದೆ. ಬಿಚ್ಚಿ, ತಿಂದು, ಬದುಕುತ್ತವೆ, ಅಂಗಿಗೆ ಬೇಕಾದ ಮಣಿಗಳನ್ನೂ ಮಾಡಿಕೊಳ್ಳುತ್ತವೆ.

ನಾರು ಸಿಗದಿದ್ದರೆ? 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮನುಷ್ಯರ ಕರುಳಿನ 14 ಜಾತಿಯ ಬ್ಯಾಕ್ಟೀರಿಯಾಗಳನ್ನು ಇಲಿಗಳಲ್ಲಿ ನೆಲೆಗೊಳಿಸಿ, ನಾರಿಲ್ಲದ ಆಹಾರ ಕೊಟ್ಟರು. ಹಸಿದ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಕರುಳಿನ ಗೋಡೆಗೆ ಬಳಿದಿದ್ದ ಲೋಳೆಯನ್ನೇ ತಿನ್ನತೊಡಗಿದವು, ಏಕೆಂದರೆ ಆ ಲೋಳೆಯಲ್ಲೂ ಸಕ್ಕರೆ ಸರಗಳಿವೆ. ಪದರ ತೆಳುವಾಯಿತು, ಕಾಯಿಲೆಯ ಬ್ಯಾಕ್ಟೀರಿಯಾಗೆ ಒಳಬರಲು ಸುಲಭವಾಯಿತು. ಬಿಡಾರದವರಿಗೆ ಊಟ ಹಾಕದಿದ್ದರೆ ಮನೆಯ ಗೋಡೆಗೇ ಕೈ ಹಾಕುತ್ತಾರೆ!

ಅಜ್ಜ ಅಜ್ಜಿಯರಿಗೆ ನಾಲ್ಕು ಮಾತು

ಮನೆಯಲ್ಲಿ ಬಾಣಂತಿ ಇದ್ದರೆ, ಮಗುವಿಗೆ ಜ್ವರ ಬಂದರೆ ಎಲ್ಲರೂ ನೋಡುವುದು ನಮ್ಮ ಮುಖವನ್ನೇ. ಆದ್ದರಿಂದ ಇದು ನನ್ನ ವಾರಿಗೆಯವರಿಗೆ.

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಬೇಕು, ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಳದಿಯಾಗಿ ಗಟ್ಟಿಯಾಗಿ ಬರುವ ಮೊದಲ ಹಾಲನ್ನು ಹಿಂಡಿ ಚೆಲ್ಲಬೇಡಿ, ಈ ಸಕ್ಕರೆ ಸರಗಳು ಅದರಲ್ಲೇ ಹೆಚ್ಚು. ನಾಲಿಗೆಗೆ ಜೇನು ತಾಕಿಸುವ ಸಂಪ್ರದಾಯವಿದ್ದರೆ ಮಗುವಿಗೆ ಒಂದು ವರ್ಷ ತುಂಬುವವರೆಗೆ ತಡೆಯಿರಿ. ಜೇನಿನಲ್ಲಿ ಕೆಲವೊಮ್ಮೆ ಇರುವ ಒಂದು ಬ್ಯಾಕ್ಟೀರಿಯಾದ ಬೀಜಕಣ ಕೂಸುಗಳಿಗೆ ಅಪಾಯಕಾರಿ. ಆಪರೇಷನ್ ಹೆರಿಗೆಯಾದರೆ, ಎದೆಹಾಲು ಸಾಲದಿದ್ದರೆ, ಬಾಣಂತಿಯನ್ನು ಆಡಿಕೊಳ್ಳಬೇಡಿ. ಅವಳ ಮನಸ್ಸು ನೆಮ್ಮದಿಯಾಗಿರುವುದು ಮೊದಲು. ಏನು ಮಾಡಬೇಕೆಂದು ಡಾಕ್ಟರು ಹೇಳುತ್ತಾರೆ.

ಆಂಟಿಬಯೋಟಿಕ್ ಮಾತ್ರೆ ಪ್ರಾಣ ಉಳಿಸುವ ವಸ್ತು. ಆದರೆ ಅದು ಕಳ್ಳನನ್ನು ಹೊಡೆಯುವ ಭರದಲ್ಲಿ ಬಿಡಾರದವರನ್ನೂ ಹೊಡೆಯುತ್ತದೆ. ನೆಗಡಿ, ಫ್ಲೂ ವೈರಸ್ಸಿನಿಂದ ಬರುವಂಥವು, ಅವಕ್ಕೆ ಅದು ನಾಟುವುದೇ ಇಲ್ಲ. ಹೋದ ವರ್ಷ ಉಳಿದದ್ದನ್ನು ಡಬ್ಬಿಯಿಂದ ತೆಗೆದು ಮೊಮ್ಮಗನಿಗೆ ಕೊಡಬೇಡಿ. ಡಾಕ್ಟರು ಬರೆದುಕೊಟ್ಟಾಗ ಮಾತ್ರ, ಅವರು ಹೇಳಿದಷ್ಟು ದಿನ ತಪ್ಪದೆ ಕೊಡಿ.

ಮೊಸರು, ಮಜ್ಜಿಗೆ ಒಳ್ಳೆಯ ಆಹಾರವೇ. ಕೆಲವೊಮ್ಮೆ ಮೊಸರು ನೂಲಿನಂತೆ ಎಳೆ ಎಳೆಯಾಗಿ ಬರುವುದನ್ನು ನೋಡಿರುತ್ತೀರಿ, ಅದೂ ಹೆಪ್ಪಿನ ಬ್ಯಾಕ್ಟೀರಿಯಾ ನೇಯ್ದ ಸಕ್ಕರೆ ಸರವೇ. ಆದರೆ ಮೊಸರಿನ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ನಮ್ಮ ಕರುಳಿನಲ್ಲಿ ನೆಲೆ ನಿಲ್ಲುವುದಿಲ್ಲ, ಬಂದು ಹೋಗುವ ನೆಂಟರು. ಅದರಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ನಂಬಿ ಔಷಧಿ ಬಿಡಬೇಡಿ. ನಾರಿನ ಅಂಶವನ್ನು ಒಮ್ಮೆಲೇ ಹೆಚ್ಚಿಸದೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ನೀರು ಚೆನ್ನಾಗಿ ಕುಡಿಯಿರಿ. ಕರುಳಿನ ಕಾಯಿಲೆ ಇರುವವರು ಡಾಕ್ಟರನ್ನು ಕೇಳಿಯೇ ಊಟ ಬದಲಿಸಿ.

ಮಕ್ಕಳು ಆಡಲಿ, ಮರ ಹತ್ತಲಿ, ಮಣ್ಣು ಮುಟ್ಟಲಿ. ಊಟಕ್ಕೆ ಮೊದಲು ಮತ್ತು ಶೌಚದ ನಂತರ ಸೋಪು ಹಾಕಿ ಕೈ ತೊಳೆಯಲಿ. ಲಸಿಕೆ ಒಂದೂ ತಪ್ಪದಿರಲಿ. ಗೆಳೆಯರ ಪರಿಚಯವೂ ಬೇಕು, ಕಳ್ಳರ ಬಗ್ಗೆ ಎಚ್ಚರವೂ ಬೇಕು.

ಮಕ್ಕಳೇ, ಇನ್ನು ಮೇಲೆ ತಟ್ಟೆಯ ಬದಿಗೆ ಬೀನ್ಸ್ ಪಲ್ಯ ಸರಿಸಿಡುವಾಗ ಒಂದು ಕ್ಷಣ ಯೋಚಿಸಿ. ಅದು ನಿಮಗಾಗಿ ಮಾತ್ರ ಬಡಿಸಿದ್ದಲ್ಲ. ಸಕ್ಕರೆ ಅಂಗಿ ತೊಟ್ಟು, ‘ನಾವು ನಿಮ್ಮವರು’ ಎಂದು ದಿನವೂ ನಿಮ್ಮ ರಕ್ಷಣಾ ಪಡೆಗೆ ಹೇಳುತ್ತಿರುವ ಲಕ್ಷ ಕೋಟಿಗಟ್ಟಲೆ ಜೀವಗಳು ಒಳಗೆ ಎಲೆ ಹಾಕಿಕೊಂಡು ಕೂತಿವೆ.